ಎತ್ತಿದ ನೀರಿಗೆ ಕರೆಂಟಿನ ಲೆಕ್ಕ

ಕರೆಂಟು ಬಿಲ್ಲು ಹೆಚ್ಚು ಬಂತು ಎಂದರೆ ಮನೆಯವರ ಕಣ್ಣು ಮೊದಲು ಹೋಗುವುದು ಬಲ್ಬಿನ ಕಡೆಗೆ, ಆಮೇಲೆ ಫ್ಯಾನಿನ ಕಡೆಗೆ. ಪಂಪಿನ ಕಡೆ ನೋಡುವವರು ಕಡಿಮೆ. ಕಾಸರಗೋಡಿನ ಒಳನಾಡಿನಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆ, ಮನೆ ಇರುವುದು ಗುಡ್ಡೆಯ ಓರೆಯಲ್ಲಿ, ಬಾವಿ ಕೆಳಗೆ ತೋಟದ ಬದಿಯಲ್ಲಿ, ಟಾಂಕಿ ಮನೆಯ ಮಾಡಿಗಿಂತಲೂ ಮೇಲೆ. ಬಾವಿಯ ನೀರಿನ ಮಟ್ಟದಿಂದ ಟಾಂಕಿಯ ಬಾಯಿವರೆಗೆ ಅಳೆದರೆ 20 ಮೀಟರ್ ಸಿಗುವುದು ಸಾಮಾನ್ಯ, 30 ಸಿಕ್ಕಿದರೂ ಆಶ್ಚರ್ಯವಿಲ್ಲ. ಕೈ ತೊಳೆಯುವ ನೀರು, ಪಾತ್ರೆ ತಿಕ್ಕುವ ನೀರು, ಕಕ್ಕಸಿಗೆ ಸುರಿಯುವ ನೀರು ಎಲ್ಲವೂ ಅಷ್ಟು ಎತ್ತರ ಹತ್ತಿ ಬಂದದ್ದೇ. ಹಾಗಾಗಿ ನಮ್ಮ ಕಡೆ ನೀರಿನ ಉಳಿತಾಯ, ಕರೆಂಟಿನ ಉಳಿತಾಯ ಎಂದು ಎರಡು ಪುಸ್ತಕ ಇಡಬೇಕಾಗಿಲ್ಲ, ಲೆಕ್ಕ ಒಂದೇ. ಎತ್ತುವ ನೀರು ಕಡಿಮೆಯಾಗಬೇಕು, ಎತ್ತುವುದು ಸುಲಭವಾಗಬೇಕು, ಎತ್ತದೆಯೇ ಬರುವ ನೀರನ್ನು ಬಿಡಬಾರದು.

ಮೊದಲು ಅಳೆಯುವುದು

ಪಂಪು ಸರಿಯಾಗಿದೆಯೋ ಇಲ್ಲವೋ ಎಂದು ಶಬ್ದ ಕೇಳಿ ಹೇಳಲಾಗದು. ಇದಕ್ಕೆ ಬೇಕಾದದ್ದು 20 ಲೀಟರಿನ ಒಂದು ಬಕೆಟು, ಮೊಬೈಲಿನ ಗಡಿಯಾರ, ಇಬ್ಬರು ಜನ. ಒಬ್ಬರು ಟಾಂಕಿಯ ಹತ್ತಿರ ನಿಲ್ಲಬೇಕು. ಪಂಪು ಚಾಲು ಮಾಡಿ ಎರಡು ಮಿನಿಟು ಬಿಟ್ಟು, ನೀರು ಒಂದೇ ಸಮ ಬೀಳತೊಡಗಿದ ಮೇಲೆ ಬಕೆಟು ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ನೋಡಬೇಕು. 30 ಸೆಕೆಂಡು ಹಿಡಿದರೆ ಮಿನಿಟಿಗೆ 40 ಲೀಟರ್ ಎಂದಾಯಿತು.

ಇನ್ನೊಬ್ಬರು ಮೀಟರಿನ ಮುಂದೆ. ಪಂಪಿನ ಹೊರತು ಮನೆಯ ಎಲ್ಲವೂ ಬಂದ್ ಆಗಿರಬೇಕು, ಫ್ರಿಜ್ಜು ಮತ್ತು ಇನ್ವರ್ಟರು ಕೂಡ. ಇನ್ವರ್ಟರು ಬ್ಯಾಟರಿಗೆ ಸದ್ದಿಲ್ಲದೆ ಕರೆಂಟು ತುಂಬುತ್ತಿರುತ್ತದೆ, ಅದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಅಲ್ಲೇ ಅಚ್ಚಾಗಿರುತ್ತದೆ, 3200 ಎಂದಿರುವ ಮೀಟರುಗಳು ಬಹಳ. ಒಂದು ಮಿನಿಟು ಎಣಿಸಿ. 56 ಸಲ ಮಿನುಗಿದರೆ 56ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದಾಗ 1.05 ಕಿಲೋವಾಟ್ ಬರುತ್ತದೆ. ಪಂಪು ಎಳೆಯುತ್ತಿರುವುದು ಅಷ್ಟು. ಮಿನಿಟಿಗೆ 40 ಲೀಟರಿನಂತೆ ಸಾವಿರ ಲೀಟರಿಗೆ 25 ಮಿನಿಟು ಬೇಕು, ಖರ್ಚು 0.44 ಯೂನಿಟ್.

ಇದು ಹೆಚ್ಚೋ ಕಡಿಮೆಯೋ? ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತುವ ಕೆಲಸಕ್ಕೆ ಶುದ್ಧ ಲೆಕ್ಕದಲ್ಲಿ 0.027 ಯೂನಿಟ್ ಸಾಕು. ಮೋಟಾರಿನ ಬಿಸಿ, ಪಂಪಿನೊಳಗಿನ ಸುಳಿ, ಪೈಪಿನ ತಿಕ್ಕಾಟ ಸೇರಿ ಮನೆಬಳಕೆಯ ಸಣ್ಣ ಪಂಪು ಅದರ ಮೂರು-ನಾಲ್ಕು ಪಟ್ಟು ತಿನ್ನುತ್ತದೆ. ಅಂದರೆ ಪ್ರತಿ 10 ಮೀಟರಿಗೆ 0.08ರಿಂದ 0.11 ಯೂನಿಟ್ ಆದರೆ ಪಂಪು ಆರೋಗ್ಯವಾಗಿದೆ. 20 ಮೀಟರ್ ಎತ್ತರಕ್ಕೆ 0.16ರಿಂದ 0.22. ಮೇಲಿನ ಉದಾಹರಣೆಯ 0.44 ಅದರ ಎರಡು ಪಟ್ಟು. ದಿನಕ್ಕೆ ಸಾವಿರ ಲೀಟರ್ ಬಳಸುವ ಮನೆಗೆ ಎರಡು ತಿಂಗಳಲ್ಲಿ 13 ಯೂನಿಟ್ ನಷ್ಟ, ದೊಡ್ಡದಲ್ಲ ಎನಿಸಬಹುದು. ಆದರೆ ಮಾರ್ಚಿನಿಂದ ಮೇವರೆಗೆ ಅಂಗಳದ ತರಕಾರಿಗೆ, ದನಗಳಿಗೆ, ನಾಲ್ಕು ತೆಂಗಿಗೆ ಎಂದು ಅದೇ ಪಂಪು ದಿನಕ್ಕೆ ನಾಲ್ಕು ಸಾವಿರ ಲೀಟರ್ ಎತ್ತುವಾಗ ಖರ್ಚು ಎರಡು ತಿಂಗಳಿಗೆ 105 ಯೂನಿಟ್ ದಾಟುತ್ತದೆ. ಅದರಲ್ಲಿ ಅರ್ಧ ವ್ಯರ್ಥ. ನಮ್ಮ ಕೇರಳ ವಿದ್ಯುತ್ ಮಂಡಳಿಯ ದರದಲ್ಲಿ ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿಗೆ 500 ದಾಟಿದರೆ ಹಂತಹಂತವಾಗಿ ಏರುವ ದರ ತಪ್ಪಿಹೋಗಿ ಮೊದಲ ಯೂನಿಟಿನಿಂದಲೇ ಒಂದೇ ದರ ಬೀಳುತ್ತದೆ. ಆ ಗಡಿಯ ಹತ್ತಿರ ಇರುವ ಮನೆಗೆ ಈ 50 ಯೂನಿಟ್ ಬಹಳ ಭಾರ.

ಪೈಪು ಸಣ್ಣದಾದರೆ

ಅಳತೆ ಕೆಟ್ಟದಾಗಿ ಬಂದರೆ ಪಂಪನ್ನು ದೂರುವ ಮೊದಲು ಪೈಪು ನೋಡಬೇಕು. ಬಾವಿ ಕೆಳಗಿದ್ದು ಮನೆ ಮೇಲಿದ್ದರೆ ಪೈಪಿನ ಓಟ 60ರಿಂದ 100 ಮೀಟರ್ ಇರುತ್ತದೆ. ಮಿನಿಟಿಗೆ 40 ಲೀಟರ್ ನೀರು 20 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ 100 ಮೀಟರ್ ಹೋಗುವಾಗ ತಿಕ್ಕಾಟಕ್ಕೇ ಸುಮಾರು 25 ಮೀಟರ್ ಎತ್ತರದಷ್ಟು ಶಕ್ತಿ ಹೋಗುತ್ತದೆ. ಬಾವಿಯ ಕೆಳಗೆ ಇನ್ನೊಂದು ಬಾವಿ ತೋಡಿ ಅಲ್ಲಿಂದ ನೀರೆತ್ತಿದ ಹಾಗೆ. ಒಳವ್ಯಾಸ 25 ಮಿಲಿಮೀಟರ್ ಆದರೆ ಈ ನಷ್ಟ 8 ಮೀಟರಿಗೆ ಇಳಿಯುತ್ತದೆ, 32 ಆದರೆ ಎರಡೂವರೆ ಮೀಟರಿಗೆ. ಪೈಪಿನ ಬೆಲೆಯಲ್ಲಿ ಆಗುವ ವ್ಯತ್ಯಾಸ ಒಂದು ಸಲದ್ದು, ತಿಕ್ಕಾಟದ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವಂಥದ್ದು. ಒಂದೂಕಾಲು ಇಂಚಿಗಿಂತ ಕಡಿಮೆಯ ಪೈಪನ್ನು ಉದ್ದದ ಓಟಕ್ಕೆ ಹಾಕಲೇಬಾರದು ಎಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಹೇಳುವ ಅಳತೆ ಕೆಲವು ಪೈಪಿಗೆ ಹೊರವ್ಯಾಸ, ಕೆಲವಕ್ಕೆ ಒಳವ್ಯಾಸ. ಕರಿ ಪೈಪು 32 ಎಂದರೆ ಹೊರಗಿನ ಅಳತೆ, ಒಳಗೆ ಇನ್ನೂ ಕಡಿಮೆ. ತುಂಡಿನ ಬಾಯಿಗೆ ಸ್ಕೇಲು ಇಟ್ಟು ಒಳಗಿನಿಂದ ಒಳಗೆ ಅಳೆದೇ ತೆಗೆದುಕೊಳ್ಳಿ. ಒಂದಿಂಚಿನ ಒಂದು ಎಲ್ಬೋ ಸುಮಾರು ಮುಕ್ಕಾಲು ಮೀಟರ್ ನೇರ ಪೈಪಿಗೆ ಸಮ. ಕಂಪೌಂಡು, ದನದ ಕೊಟ್ಟಗೆ, ಅಡಿಕೆ ಅಂಗಳ ಎಂದು ಸುತ್ತಿಸಿ ಹತ್ತು ಹನ್ನೆರಡು ಎಲ್ಬೋ ಹಾಕಿದ ಕಡೆ ಅದೂ ಲೆಕ್ಕಕ್ಕೆ ಬರುತ್ತದೆ, ಸಾಧ್ಯವಿದ್ದಲ್ಲಿ ಉದ್ದ ಬೆಂಡು ಹಾಕಬೇಕು. ಹಳೆಯ ಕಬ್ಬಿಣದ ಪೈಪು ಇನ್ನೂ ಇದ್ದರೆ ತೆಗೆದುಬಿಡುವುದೇ ಒಳ್ಳೆಯದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ಬಾವಿನೀರು ಸಾಮಾನ್ಯವಾಗಿ ಆಮ್ಲದ ಗುಣದ್ದು. ಅದು ಒಳಗೊಳಗೇ ಕಬ್ಬಿಣವನ್ನು ತಿಂದು ತುಕ್ಕಿನ ಗಂಟು ಕಟ್ಟಿಸುತ್ತದೆ, ಒಂದಿಂಚಿನ ಪೈಪಿನ ಬಾಯಿ ಅರ್ಧ ಇಂಚಿಗೆ ಇಳಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೆಚ್ಚು ಎತ್ತರಕ್ಕೆಂದು ಮಾಡಿದ ಪಂಪಿಗೆ ದೊಡ್ಡ ಪೈಪು ಹಾಕಿ ಎತ್ತರದ ಭಾರವನ್ನು ಬಹಳ ತಗ್ಗಿಸಿದರೆ ಅದು ಮಿತಿಮೀರಿ ನೀರು ಎತ್ತಿ, ಹೆಚ್ಚು ಕರೆಂಟು ಎಳೆದು ಮೋಟಾರು ಬಿಸಿಯಾಗುತ್ತದೆ. ಪಂಪಿನ ಫಲಕದ ಮೇಲೆ ಅದು ಎಷ್ಟು ಮೀಟರಿನಿಂದ ಎಷ್ಟು ಮೀಟರಿಗೆ ತಕ್ಕದ್ದು ಎಂದು ಬರೆದಿರುತ್ತದೆ. ನಿಮ್ಮ ಎತ್ತರ ಮತ್ತು ಪೈಪಿನ ನಷ್ಟ ಸೇರಿದ ಮೊತ್ತ ಆ ಎರಡರ ನಡುಮಧ್ಯದ ಆಸುಪಾಸಿನಲ್ಲಿ ಬರಬೇಕು. ಕೆಳ ಅಂಚಿಗೆ ಬಂದರೆ ಪಂಪಿನ ಪಕ್ಕದ ಗೇಟ್ ವಾಲ್ವನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಿ ತಾತ್ಕಾಲಿಕವಾಗಿ ಸುಧಾರಿಸಬಹುದು. ಹೊಸ ಪಂಪು ಕೊಳ್ಳುವಾಗ ಕುದುರೆಶಕ್ತಿ ಕೇಳುವುದಕ್ಕಿಂತ ಈ ಮೀಟರಿನ ಲೆಕ್ಕ ಹೇಳಿ ಕೇಳುವುದು ಸರಿ. ಅರ್ಧ ಎಚ್‌ಪಿ ಸಾಕಾಗುವಲ್ಲಿ ಒಂದೂವರೆ ಎಚ್‌ಪಿ ಕೂರಿಸಿದ ಬಾವಿಗಳು ನಮ್ಮಲ್ಲಿ ತುಂಬಾ ಇವೆ.

ಬಾವಿಯೊಳಗಿನ ಕಾಯಿಲೆಗಳು

ಮೇಲೆ ಕೂರಿಸಿದ ಪಂಪು ನೀರನ್ನು ಎಳೆಯುವುದು ಗಾಳಿಯ ಒತ್ತಡದ ಬಲದಿಂದ, ಆರೇಳು ಮೀಟರಿಗಿಂತ ಆಳದಿಂದ ಎಳೆಯಲು ಅದಕ್ಕೆ ಆಗದು. ಹತ್ತಿಪ್ಪತ್ತು ಕೋಲು ಆಳದ ಬಾವಿಯಲ್ಲಿ (ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ) ಪಂಪನ್ನು ಒಳಗಿನ ಮೆಟ್ಟಿಲಿಗೆ ಇಳಿಸಬೇಕು, ಇಲ್ಲವೇ ನೀರಿನಲ್ಲೇ ಮುಳುಗಿರುವ ಪಂಪು ಹಾಕಬೇಕು. ಮಳೆಗಾಲದಲ್ಲಿ ಸಲೀಸಾಗಿ ಎತ್ತುವ ಪಂಪು ಏಪ್ರಿಲ್‌ನಲ್ಲಿ ಬಡವಾಗುವುದಕ್ಕೆ ಹೆಚ್ಚಿನ ಕಡೆ ಇದೇ ಕಾರಣ, ನೀರು ಇಳಿದು ಎಳೆಯುವ ಆಳ ಮಿತಿಗೆ ಬಂದಿರುತ್ತದೆ. ಎಳೆಯುವ ಬದಿಯ ಪೈಪು ಏರಿಸುವ ಬದಿಯದಕ್ಕಿಂತ ಒಂದು ಅಳತೆ ದೊಡ್ಡದಿರಲಿ.

ಪ್ರತಿಸಲ ಪಂಪಿಗೆ ನೀರು ಹೊಯ್ದು ಚಾಲು ಮಾಡಬೇಕಾಗಿ ಬಂದರೆ ನೀರಿನೊಳಗಿನ ಪೈಪಿನ ತುದಿಯ ಫೂಟ್ ವಾಲ್ವ್ ಸೋರುತ್ತಿದೆ ಎಂದು ತಿಳಿಯಬೇಕು. ಅದನ್ನು ಮೇಲೆತ್ತಿ ಜಾಲರಿ ಬಿಚ್ಚಿ ನೋಡಿದರೆ ರಬ್ಬರಿನ ಮುಚ್ಚಳದ ಅಡಿಗೆ ಹೊಯಿಗೆ (ಮರಳು) ಕಾಳು ಅಥವಾ ಅಡಿಕೆ ಸೋಗೆಯ ನಾರು ಸಿಕ್ಕಿರುವುದು ಕಾಣುತ್ತದೆ. ತೊಳೆದರೆ ಸಾಕಾಗಬಹುದು. ರಬ್ಬರಿನ ಅಂಚು ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಬೇಕು. ವಾಲ್ವ್ ತಳದಿಂದ ಎರಡಡಿ ಮೇಲಿರಬೇಕು, ಕೆಸರಿಗೆ ತಾಗಬಾರದು. ಫೂಟ್ ವಾಲ್ವ್ ಸರಿಯಿದ್ದೂ ನೀರಿನ ಜೊತೆ ಗಾಳಿಗುಳ್ಳೆ ಬರುತ್ತಿದ್ದರೆ ಎಳೆಯುವ ಬದಿಯ ಜಾಯಿಂಟು ಸಡಿಲವಾಗಿದೆ. ಅಲ್ಲಿ ಹೊರಗೆ ನೀರು ತೊಟ್ಟಿಕ್ಕುವುದಿಲ್ಲ, ಒಳಕ್ಕೆ ಗಾಳಿ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಸೋಪಿನ ನೊರೆ ಹಚ್ಚಿ ಪಂಪು ಓಡಿಸಿದರೆ ನೊರೆ ಒಳಕ್ಕೆ ಎಳೆದುಕೊಳ್ಳುವ ಜಾಗ ಗೊತ್ತಾಗುತ್ತದೆ.

ಮೋಟಾರು ಗುಂಯ್ ಎಂದು ಕೂಗಿ ತಿರುಗಲು ತಡಮಾಡಿದರೆ ಕೆಪಾಸಿಟರ್ ಸೋತಿದೆ. ಹಳೆಯದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಅಷ್ಟನ್ನೇ ತರಬೇಕು, ಹೆಚ್ಚು ಹಾಕಿದರೆ ಬಲ ಬರುತ್ತದೆ ಎಂಬುದು ತಪ್ಪು, ಸುರುಳಿ ಸುಡುತ್ತದೆ. ಫ್ಯೂಸು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಇದನ್ನು ತಿಳಿದವರೇ ಮುಟ್ಟಬೇಕು. ಲೈನಿನ ತುದಿಯ ಮನೆಗಳಲ್ಲಿ ಸಂಜೆ ಆರರಿಂದ ಹತ್ತರ ತನಕ ವೋಲ್ಟೇಜು ಇಳಿದಿರುತ್ತದೆ. ಆಗ ಪಂಪು ಓಡಿಸಿದರೆ ನೀರು ಕಡಿಮೆ, ಬಿಸಿ ಜಾಸ್ತಿ. ಬೆಳಗ್ಗೆ ಅಥವಾ ಮಧ್ಯಾಹ್ನ ತುಂಬಿಸುವ ಪರಿಪಾಠ ಇಟ್ಟುಕೊಂಡರೆ ಮೋಟಾರಿಗೂ ಒಳ್ಳೆಯದು.

ಟಾಂಕಿ ತುಂಬಿ ಹರಿಯುವುದು ಎಲ್ಲಕ್ಕಿಂತ ನಾಚಿಕೆಯ ನಷ್ಟ. ಹತ್ತು ಮಿನಿಟು ಮರೆತರೆ 400 ಲೀಟರ್ ಅಂಗಳಕ್ಕೆ. ಫ್ಲೋಟ್ ಸ್ವಿಚ್ಚು ಹಾಕಿದರೆ ತೀರಿತು, ಆದರೆ ಒಂದು ಎಚ್‌ಪಿಗಿಂತ ದೊಡ್ಡ ಮೋಟಾರಿನ ಕರೆಂಟನ್ನು ನೇರ ಅದರ ಮೂಲಕ ಹಾಯಿಸಬೇಡಿ, ನಡುವೆ ಕಾಂಟಾಕ್ಟರ್ (ಹೆಚ್ಚು ಕರೆಂಟು ತಾಳುವ ಸ್ವಿಚ್ಚಿನ ಪೆಟ್ಟಿಗೆ) ಇರಲಿ. ನಮ್ಮ ಕಡೆ ಈ ಪೆಟ್ಟಿಗೆಗಳು ಕೆಡುವುದು ಹೆಚ್ಚಾಗಿ ಇರುವೆಯಿಂದ. ಬೆಚ್ಚಗಿನ ಜಾಗ ಹುಡುಕಿ ಬಂದ ಇರುವೆ ಸಂಪರ್ಕದ ತುದಿಗಳ ನಡುವೆ ಸಿಕ್ಕಿ ಕರಿಯಾಗುತ್ತದೆ, ಪಂಪು ನಿಲ್ಲುವುದಿಲ್ಲ ಅಥವಾ ಹೊರಡುವುದಿಲ್ಲ. ವಯರು ಒಳಬರುವ ತೂತಿಗೆ ಸಿಲಿಕೋನ್ ಮೆತ್ತಿ, ಮಳೆಗಾಲದ ಮುಂಚೆ ಒಮ್ಮೆ ಕರೆಂಟು ತೆಗೆದು ಒಳಗೆ ಬ್ರಷ್ಷು ಆಡಿಸಿ. ಬೇಸಗೆಯಲ್ಲಿ ಬಾವಿ ಬರಿದಾಗುವ ಕಡೆ ನೀರಿಲ್ಲದೆ ಓಡಿದರೆ ನಿಲ್ಲಿಸುವ ಸಾಧನವೂ ಬೇಕು. ಒಣಗಿ ತಿರುಗಿದ ಪಂಪಿನ ಸೀಲು ಕೆಲವೇ ಮಿನಿಟಿನಲ್ಲಿ ಸುಟ್ಟುಹೋಗುತ್ತದೆ.

ಎತ್ತದೆ ಬರುವ ನೀರು

ಸುರಂಗ ಇರುವ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಗುಡ್ಡೆಯ ಬದಿಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದೊಡ್ಡ ಆ ತೂತಿನಿಂದ ಬರುವ ನೀರಿಗೆ ಕರೆಂಟಿನ ಲೆಕ್ಕವೇ ಇಲ್ಲ. ಧಾರೆ ಸಣ್ಣದಾಯಿತೆಂದು ಅದನ್ನು ಬಿಟ್ಟು ಬೋರು ಹಾಕಿಸಿದ ಮನೆಗಳು ಬೇಕಾದಷ್ಟಿವೆ. ಮಿನಿಟಿಗೆ ಎರಡು ಲೀಟರ್, ಅಂದರೆ ಕಿರುಬೆರಳು ದಪ್ಪದ ಧಾರೆ, ಹಗಲು ರಾತ್ರಿ ಬಂದರೆ ದಿನಕ್ಕೆ 2880 ಲೀಟರ್ ಆಗುತ್ತದೆ. ಒಂದು ಮನೆಗೆ ಧಾರಾಳ. ಕೊರತೆ ಇರುವುದು ನೀರಿಗಲ್ಲ, ರಾತ್ರಿಯ ನೀರನ್ನು ಹಿಡಿದಿಡುವ ಜಾಗಕ್ಕೆ.

ಸುರಂಗದ ಬಾಯಿಂದ ಕೆಲವು ಅಡಿ ಒಳಗೆ ಮಣ್ಣಿನಿಂದಲೋ ಸಿಮೆಂಟಿನಿಂದಲೋ ಒಂದು ಮೊಣಕಾಲೆತ್ತರದ ದಂಡೆ ಕಟ್ಟಿ, ತಳದಿಂದ ಅರ್ಧ ಅಡಿ ಮೇಲೆ ಪೈಪು ಕೂರಿಸಿ, ಪೈಪಿನ ಬಾಯಿಗೆ ಜಾಲರಿ ಹಾಕಿ ಕೆಳಗಿನ ಟಾಂಕಿಗೆ ಬಿಡಬೇಕು. ಪೈಪು ಉದ್ದಕ್ಕೂ ಇಳಿಜಾರಿನಲ್ಲೇ ಹೋಗಬೇಕು. ನಡುವೆ ಒಂದು ಕಡೆ ಬೇರಿನ ಮೇಲೆ, ಕಲ್ಲಿನ ಮೇಲೆ ಉಬ್ಬಿದರೆ ಅಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಂತುಬಿಡುತ್ತದೆ. ಸುರಂಗ ಬತ್ತಿತು ಎಂದುಕೊಂಡ ಎಷ್ಟೋ ಕಡೆ ಆಗಿರುವುದು ಇದೇ. ಉಬ್ಬು ತಪ್ಪಿಸಲಾಗದಿದ್ದರೆ ಅದರ ನೆತ್ತಿಯಲ್ಲಿ ಒಂದು ಟೀ ಹಾಕಿ, ಸುರಂಗದ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಸಪೂರ ಪೈಪು ನಿಲ್ಲಿಸಿದರೆ ಗಾಳಿ ಹೊರಹೋಗುತ್ತದೆ. ಸುರಂಗದೊಳಗೆ ಕೆಸರು ತೆಗೆಯಲು ಹೋಗುವವರು ಒಬ್ಬರೇ ಹೋಗಬಾರದು. ಉದ್ದದ ಸುರಂಗದಲ್ಲಿ ಗಾಳಿ ಸಾಲದೆ ಬರುವುದುಂಟು, ಮಳೆಗಾಲದಲ್ಲಿ ಮಣ್ಣು ಕುಸಿಯುವುದುಂಟು. ಅನುಭವಿಗಳನ್ನು ಕರೆಸಿ, ಬೇಸಗೆಯಲ್ಲಿ ಮಾಡಿಸಿ.

ಮನೆಯೊಳಗೆ ಸೋರುವುದು

ನಳ್ಳಿಯ ಹನಿಯ ಕೆಳಗೆ ಒಂದು ಲೋಟ ಇಡಿ. 200 ಮಿಲಿಲೀಟರಿನ ಲೋಟ ಹತ್ತು ಮಿನಿಟಿಗೆ ತುಂಬಿದರೆ ದಿನಕ್ಕೆ ಸುಮಾರು 29 ಲೀಟರ್. ಹಳೆಯ ತಿರುಪಿನ ನಳ್ಳಿಗೆ ಒಳಗಿನ ವಾಷರು ಬದಲಿಸಿದರೆ ಸಾಕು, ನಳ್ಳಿಯನ್ನೇ ಬದಲಿಸುವ ಅಗತ್ಯವಿಲ್ಲ. ವಾಷರು ಹೊಸದಾದ ಮೇಲೂ ಸೋರಿದರೆ ಅದು ಕೂರುವ ಹಿತ್ತಾಳೆಯ ಅಂಚು ಸವೆದಿದೆ.

ಕಕ್ಕಸಿನ ಫ್ಲಶ್ ಟಾಂಕಿ ಸದ್ದಿಲ್ಲದೆ ಸೋರುತ್ತದೆ. ಮುಚ್ಚಳ ತೆಗೆದು ಎರಡು ಚಮಚ ಅರಸಿನ ಕದಡಿದ ನೀರು ಹೊಯ್ದು ಇಪ್ಪತ್ತು ಮಿನಿಟು ಯಾರೂ ಬಳಸದೆ ಬಿಡಿ. ಕೆಳಗಿನ ನೀರಿಗೆ ಹಳದಿ ಬಂದರೆ ತಳದ ರಬ್ಬರು ಸೋರುತ್ತಿದೆ. ಹಳದಿ ಬಣ್ಣದ ಬೋರುನೀರು ಬರುವ ಮನೆಯಲ್ಲಿ ಅರಸಿನದ ಬದಲು ನೀಲಿ ಹಾಕಿ. ಹಳೆಯ ಹತ್ತು ಲೀಟರಿನ ಟಾಂಕಿಯಾದರೆ ಒಂದು ಲೀಟರಿನ ಬಾಟ್ಲಿಗೆ ನೀರು ತುಂಬಿ ಬಿಗಿಯಾಗಿ ಮುಚ್ಚಿ ಮೂಲೆಯಲ್ಲಿ ಇಡಬಹುದು, ಫ್ಲೋಟಿನ ಕೈಗೆ ತಾಗದ ಹಾಗೆ ನೋಡಿಕೊಂಡು. ಇಟ್ಟಿಗೆ ಇಡಬೇಡಿ, ಅದು ಕರಗಿ ರಬ್ಬರಿನ ಅಡಿಗೆ ಸೇರುತ್ತದೆ.

ಅಡುಗೆಮನೆಯ ನಳ್ಳಿಯ ಮೂತಿಗೆ ಗಾಳಿ ಬೆರೆಸುವ ಜಾಲರಿ ಹಾಕಿದರೆ ಮಿನಿಟಿಗೆ ಹತ್ತು ಲೀಟರ್ ಬರುವಲ್ಲಿ ನಾಲ್ಕು ಸಾಕಾಗುತ್ತದೆ. ಬೋರಿನ ಕಬ್ಬಿಣದ ಅಂಶ ಅದರಲ್ಲಿ ಬೇಗ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಹುಳಿನೀರಿನಲ್ಲಿ ನೆನೆಸಿ ತಿಕ್ಕಬೇಕು.

ಬಿಸಿನೀರು ಮತ್ತು ಕುಚ್ಚಲಕ್ಕಿ

ಮೀಯುವ ಒಂದು ಬಕೆಟು, 20 ಲೀಟರ್ ನೀರನ್ನು 26 ಡಿಗ್ರಿಯಿಂದ 45ಕ್ಕೆ ಬಿಸಿ ಮಾಡಲು 0.44 ಯೂನಿಟ್ ಬೇಕು. ಮೇಲಿನ ಸಾವಿರ ಲೀಟರಿನ ಕೆಟ್ಟ ಪಂಪಿನ ಖರ್ಚಿಗೆ ಸರಿಯಾಗಿ ಸಮ. ಒಬ್ಬರ ಸ್ನಾನಕ್ಕೆ ಒಂದು ಟಾಂಕಿ ನೀರೆತ್ತುವಷ್ಟು ಕರೆಂಟು ಎಂದರೆ ಹಂಡೆಯ ಬೆಲೆ ತಿಳಿಯುತ್ತದೆ. ಅಡಿಕೆ ಸಿಪ್ಪೆ, ಕೊತ್ತಳಿಗೆ, ಮಡಲು ತೋಟದಲ್ಲಿ ರಾಶಿ ಬಿದ್ದಿರುವ ಊರಿನಲ್ಲಿ ಬಚ್ಚಲಿನ ಒಲೆಯನ್ನು ಕೆಡವಿ ಗೀಸರ್ ಹಾಕುವುದು ನನಗೆ ಸರಿಕಾಣುವುದಿಲ್ಲ. ಆದರೆ ಒಲೆ ಸರಿಯಾಗಿ ಉರಿಯಬೇಕು. ಬೂದಿ ತುಂಬಿ ಗಾಳಿ ಹೋಗುವ ದಾರಿ ಕಟ್ಟಿದರೆ ಹೊಗೆ ಮಾತ್ರ ಬರುತ್ತದೆ, ಎರಡು ದಿನಕ್ಕೊಮ್ಮೆ ಬೂದಿ ತೆಗೆಯಬೇಕು. ಹಂಡೆಯ ತಳದ ಮಸಿ ಬೆರಳುದಪ್ಪ ಆಗುವ ತನಕ ಬಿಟ್ಟರೆ ಶಾಖ ನೀರಿಗೆ ತಲುಪುವುದಿಲ್ಲ. ಹಂಡೆಗೆ ಮುಚ್ಚಳ ಬೇಕೇ ಬೇಕು. ಕುದಿಯುವ ತನಕ ಕಾಯಿಸಿ ಮೂರು ಪಾಲು ತಣ್ಣೀರು ಬೆರೆಸುವುದಕ್ಕಿಂತ ಹದಕ್ಕೆ ಕಾಯಿಸಿದರೆ ಹಂಡೆಯ ಮೈಯಿಂದ ಹೋಗುವ ಶಾಖ ಕಡಿಮೆ. ಗೆರಟೆಯನ್ನು (ತೆಂಗಿನ ಚಿಪ್ಪನ್ನು) ಬಚ್ಚಲಿನ ಒಲೆಗೆ ಸುರಿಯಬೇಡಿ, ಅದರ ಇದ್ದಲಿಗೆ ಬೇರೆ ಉಪಯೋಗ ಇದೆ, ಮುಂದೆ ಹೇಳುತ್ತೇನೆ. ಗೀಸರ್ ಇರುವವರು ಅದರ ತಿರುಪನ್ನು 50 ಡಿಗ್ರಿಗೆ ಇಳಿಸಿ, ಮೀಯುವ ಕಾಲು ಗಂಟೆ ಮುಂಚೆ ಹಾಕಿ, ಬಚ್ಚಲಿಗೆ ಇಳಿದ ಕೂಡಲೇ ತೆಗೆಯಿರಿ.

ಕುಚ್ಚಲಕ್ಕಿ ಅನ್ನ ಗ್ಯಾಸಿನ ಮೇಲೆ ಮುಕ್ಕಾಲು ಗಂಟೆ ಬೇಯುತ್ತದೆ. ಅದರಲ್ಲಿ ಬೇಯಲು ಬೇಕಾದದ್ದು ಉರಿಯಲ್ಲ, ಶಾಖ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಬಳಕೆಗೆ ತಂದ ಚೂಡಾರಪ್ಪೆಟ್ಟಿಯ (ಬಿಸಿ ಆರದ ಪೆಟ್ಟಿಗೆಯ) ಗುಟ್ಟು ಇಷ್ಟೇ. ರಾತ್ರಿ ಅಕ್ಕಿ ನೆನೆಹಾಕಿ, ಬೆಳಗ್ಗೆ ಒಂದು ಕುಡ್ತೆಗೆ ನಾಲ್ಕೈದು ಕುಡ್ತೆ ನೀರಿನಲ್ಲಿ ಹದಿನೈದು ಮಿನಿಟು ಚೆನ್ನಾಗಿ ಕುದಿಸಿ, ಮುಚ್ಚಿದ ಪಾತ್ರೆಯನ್ನು ಥರ್ಮೋಕೋಲಿನ ಒಳಮೈ ಇರುವ ಪೆಟ್ಟಿಗೆಯಲ್ಲಿ ಇಟ್ಟು ಒಂದರಿಂದ ಒಂದೂವರೆ ಗಂಟೆ ತೆರೆಯದೆ ಬಿಡಬೇಕು. ಬೈಹುಲ್ಲು ತುಂಬಿದ ಮರದ ಪೆಟ್ಟಿಗೆ, ಹಳೆಯ ಕಂಬಳಿ ಸುತ್ತಿದ ಬುಟ್ಟಿ ಕೂಡ ಆಗುತ್ತದೆ. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಬೇಗ ಆರಿ ಅಕ್ಕಿ ಗಟ್ಟಿಯಾಗಿ ಉಳಿಯುತ್ತದೆ. ನಡುವೆ ತೆರೆದು ನೋಡಿದರೂ ಅಷ್ಟೇ. ಬಸಿದ ತೆಳಿ ದನಕ್ಕೆ, ಅಕ್ಕಿ ತೊಳೆದ ನೀರೂ ದನಕ್ಕೆ.

ಮೀರಿದ ನೀರು ಬಾಳೆಗೆ, ತೆಂಗಿಗೆ

ಬಚ್ಚಲಿನ ನೀರನ್ನು ನೇರ ತೋಡಿಗೆ (ಹಳ್ಳಕ್ಕೆ) ಬಿಡುವ ಮನೆಯಲ್ಲೇ ಏಪ್ರಿಲ್‌ನಲ್ಲಿ ಬಾಳೆಗೆ ನೀರಿಲ್ಲ ಎಂಬ ಮಾತು ಕೇಳಿಬರುತ್ತದೆ. ಐದು ಜನರ ಸ್ನಾನದ ನೀರು ದಿನಕ್ಕೆ 100 ಲೀಟರಿಗಿಂತ ಹೆಚ್ಚೇ. ಅಡುಗೆಮನೆಯ ನೀರಿಗೆ ಎಣ್ಣೆ ಜಿಡ್ಡು ಇರುವುದರಿಂದ ಒಂದು ಹಂತ ಜಾಸ್ತಿ ಬೇಕು: ಎರಡಡಿ ಉದ್ದಗಲ ಆಳದ ಗುಂಡಿಗೆ ತೆಂಗಿನ ಸಿಪ್ಪೆ ತುಂಬಿ ಅದರ ಮೂಲಕ ಹಾಯಿಸಿದರೆ ಜಿಡ್ಡು ನಾರಿಗೆ ಹಿಡಿಯುತ್ತದೆ. ಆರು ತಿಂಗಳಿಗೊಮ್ಮೆ ಸಿಪ್ಪೆ ತೆಗೆದು ತೆಂಗಿನ ಬುಡಕ್ಕೆ, ಹೊಸದು ಗುಂಡಿಗೆ. ನೀರು ಗುಂಡಿಯಲ್ಲಿ ನಿಂತರೆ ಸೊಳ್ಳೆ ಆಗುತ್ತದೆ, ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗೆ ಮಾಡಬೇಡಿ. ಕಕ್ಕಸು ತೊಳೆಯುವ ಆ್ಯಸಿಡ್, ಬ್ಲೀಚು ಈ ದಾರಿಗೆ ಬರಬಾರದು. ಈ ನೀರಿನ ಗುಂಡಿಯೂ, ಸೆಪ್ಟಿಕ್ ಟಾಂಕಿಯೂ ಬಾವಿಯಿಂದ ಕನಿಷ್ಠ ಏಳೂವರೆ ಮೀಟರ್ ದೂರ ಇರಬೇಕು, ಮುರಕಲ್ಲಿನ ತೂತುಗಳಲ್ಲಿ ಕೊಳೆ ಸುಲಭದಲ್ಲಿ ಹರಿಯುತ್ತದೆ.

ತೆಂಗಿನ ಬುಡಕ್ಕೆ ಸಿಪ್ಪೆ ಹೊದೆಸುವುದು ನಮ್ಮದೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಕ್ರಮ. ಮರದ ಸುತ್ತ ಎರಡು ಮೀಟರ್ ತನಕ, ಉಬ್ಬಿದ ಬೆನ್ನು ಮೇಲಾಗಿ ಸಿಪ್ಪೆ ಜೋಡಿಸಬೇಕು, ಒಂದು ಮರಕ್ಕೆ 250ರಿಂದ 300 ಸಿಪ್ಪೆ. ಮಣ್ಣಿನಲ್ಲಿ ಚರಂಡಿ ತೆಗೆದು ಹೂಳುವಾಗ ಮಾತ್ರ ಬಟ್ಟಲಿನ ಹಾಗೆ ಹೊಟ್ಟೆ ಮೇಲಾಗಿ ಇಡುವುದು, ನೀರು ಹಿಡಿಯಲಿ ಎಂದು.

ಫ್ಯಾನು, ಫ್ರಿಜ್ಜಿನ ಬಗ್ಗೆ ಎರಡೇ ಮಾತು. ಹಳೆಯ ಸೀಲಿಂಗ್ ಫ್ಯಾನು 75 ವಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗುವ ಫ್ಯಾನು ಬದಲಿಸಿದರೆ ಎರಡು ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. ಅದನ್ನು ಹಾಕುವಾಗ ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆದು ನೇರ ಸಂಪರ್ಕ ಕೊಡಿಸಬೇಕು, ಇಲ್ಲವಾದರೆ ಫ್ಯಾನಿನ ಸರ್ಕ್ಯೂಟು ಹೋಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರು ಸೋತಿದೆ. ಸೋಲಾರ್ ಫಲಕಕ್ಕೆ 2024ರಿಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಮಾಡಿನ ಮೇಲೆ ತೆಂಗಿನ ಗರಿಯ ನೆರಳು ಬೀಳುವ ಮನೆಗೆ ಅದು ಹೇಳಿದಷ್ಟು ಕೊಡುವುದಿಲ್ಲ. ಸಾಲಿನ ಒಂದು ಫಲಕಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಬಲ ತಗ್ಗಬಹುದು. ಡಿಸೆಂಬರಿನಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂದೂ ನೋಡಿ ನಿರ್ಧರಿಸಿ.

ಮಳೆನೀರನ್ನು ಬಾವಿಗೆ ಇಳಿಸುವುದು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರ್ ಮಾಡಿನಿಂದ, ಚೆಲ್ಲಿದ್ದು ಕಳೆದು, ಮೂರು ಲಕ್ಷ ಲೀಟರ್ ಸಿಗಬೇಕು. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಮಾಡು ಗುಡಿಸಿ, ದಂಬೆ (ಮಾಡಿನಂಚಿನ ನೀರಿನ ಓಣಿ) ತೊಳೆದು ಇಡಬೇಕು. ಮೊದಲ ಎರಡು-ಮೂರು ಮಳೆಯ ನೀರು ಹೊರಗೆ ಹೋಗಲಿ.

ಸೋಸುವುದಕ್ಕೆ 200 ಲೀಟರಿನ ಡ್ರಮ್ಮು ಸಾಕು. ತಳದಲ್ಲಿ ಒಂದು ಗೇಣು ದೊಡ್ಡ ಜಲ್ಲಿ, ಮೇಲೆ ಒಂದು ಗೇಣು ಸಣ್ಣ ಜಲ್ಲಿ, ನೈಲಾನ್ ಬಲೆ, ಅದರ ಮೇಲೆ ಅರ್ಧ ಗೇಣು ಗೆರಟೆ ಇದ್ದಲು, ಮತ್ತೊಂದು ಬಲೆ, ಎಲ್ಲದರ ಮೇಲೆ ಬೇಬಿ ಜಲ್ಲಿ. ನುಣುಪು ಹೊಯಿಗೆ ಹಾಕಬೇಡಿ. ಹೆಚ್ಚಿನ ಸೋಸುಡ್ರಮ್ಮುಗಳು ಸೋಲುವುದು ಇಲ್ಲೇ. ಆಟಿಯ (ಜುಲೈ-ಆಗಸ್ಟಿನ) ಜೋರು ಮಳೆ ಗಂಟೆಗೆ 50 ಮಿಲಿಮೀಟರ್ ಸುರಿದರೆ 100 ಚದರ ಮೀಟರಿನ ಮಾಡು ಮಿನಿಟಿಗೆ 83 ಲೀಟರ್ ನೀರು ತಳ್ಳುತ್ತದೆ. ನುಣುಪು ಹೊಯಿಗೆ ಅಷ್ಟು ವೇಗದಲ್ಲಿ ನೀರು ಬಿಡುವುದಿಲ್ಲ, ಡ್ರಮ್ಮು ಉಕ್ಕಿ ನೀರೆಲ್ಲ ಅಂಗಳಕ್ಕೆ ಹೋಗುತ್ತದೆ. ಡ್ರಮ್ಮಿನ ಬಾಯಿಯ ಹತ್ತಿರ ಒಂದು ಮೀರುಪೈಪು ಇರಲಿ, ಅದು ಬಾವಿಯ ಕಡೆಗೆ ಅಲ್ಲ, ತೋಟದ ಕಡೆಗೆ. ಇಳಿಸುವ ಪೈಪು ನಾಲ್ಕಿಂಚಿನದು. ಅದರ ತುದಿ ಬಾವಿಯ ಗೋಡೆಗೆ ನೀರು ಹೊಡೆಯದ ಹಾಗೆ, ನೀರಿನ ಮಟ್ಟದ ವರೆಗೆ ಇಳಿಯಬೇಕು. ಎತ್ತರದಿಂದ ಬಿದ್ದರೆ ತಳದ ಕೆಸರು ಎದ್ದು ತಿಂಗಳುಗಟ್ಟಲೆ ನೀರು ಕದಡಿರುತ್ತದೆ. ಬೋರಿನ ಬಾಯಿಗೆ ಮಾಡಿನ ನೀರನ್ನು ನೇರ ಬಿಡುವುದು ಮಾತ್ರ ಬೇಡ.

ಇದರಿಂದ ಎಲ್ಲ ಬಾವಿಗೂ ಒಂದೇ ಲಾಭ ಇಲ್ಲ. ತೋಟದ ತಗ್ಗಿನ ಬಾವಿ ಆಟಿಯಲ್ಲಿ ಹೇಗೂ ತುಂಬಿರುತ್ತದೆ, ಅದಕ್ಕೆ ಸುರಿದದ್ದು ಮುರಕಲ್ಲಿನ ಮೂಲಕ ತೋಡಿಗೆ ಜಾರುತ್ತದೆ. ಗುಡ್ಡೆಯ ಮೇಲಿನ ಬಾವಿಗೆ, ಮತ್ತೆ ಎಲ್ಲ ಬಾವಿಗೂ ಅಕ್ಟೋಬರ್-ನವೆಂಬರಿನ ಕೊನೆಯ ಮಳೆಗೆ, ಈ ಕೆಲಸದಿಂದ ನಿಜವಾದ ಪ್ರಯೋಜನ. ಹೆಚ್ಚಿನವರು ಸೆಪ್ಟೆಂಬರಿಗೆ ಪೈಪು ಬಿಚ್ಚಿಡುತ್ತಾರೆ, ಅದು ತಪ್ಪು. ತಗ್ಗಿನ ಬಾವಿಯವರಿಗೆ ಏತಡ್ಕದ ಕಡೆ ಮಾಡುವ ಹಾಗೆ ಮಳೆ ನಿಂತ ಮೇಲೆ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವುದು ಹೆಚ್ಚು ಫಲ ಕೊಡುತ್ತದೆ, ಆದರೆ ಅದು ನೆರೆಕರೆಯವರೆಲ್ಲ ಸೇರಿ ಆಗಬೇಕಾದ ಕೆಲಸ.

ಇಂಗುಗುಂಡಿ ತೋಡುವವರು ಜಾಗ ನೋಡಿ ತೋಡಬೇಕು. ನಮ್ಮ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು ಗಟ್ಟಿಯಿದ್ದರೂ ಅಡಿಯಲ್ಲಿ ಮೆತ್ತನೆಯ ಜೇಡಿ ಇರುತ್ತದೆ. ಕಡಿದಾದ ಓರೆಯಲ್ಲಿ, ಮನೆಯ ಹಿಂದಿನ ಬರೆಯ (ಕಡಿದ ಗುಡ್ಡೆಯ ಗೋಡೆಯ) ಮೇಲೆ ಗುಂಡಿ ತೋಡಿ ಮಳೆನೀರು ತುಂಬಿಸಿದರೆ ನೀರು ಆ ಜೇಡಿಯನ್ನು ಕೊಳವೆಯ ಹಾಗೆ ಕೊರೆದು ಒಯ್ಯುತ್ತದೆ, ಬರೆ ಜರಿಯುತ್ತದೆ. ಕಾಸರಗೋಡು, ಕಣ್ಣೂರಿನ ಗುಡ್ಡಗಳಲ್ಲಿ ಇಂಥ ಮಣ್ಣುಕೊಳವೆಗಳು ಕಂಡುಬಂದಿವೆ. ಅಂಥ ಕಡೆ ಗುಂಡಿಯ ಬದಲು ಮಾಡಿನ ನೀರನ್ನು ಪೈಪಿನಲ್ಲೇ ಕೆಳಗಿನ ಸಮತಟ್ಟು ಜಾಗಕ್ಕೆ ಅಥವಾ ಬಾವಿಗೆ ಒಯ್ಯಬೇಕು.

ಬಾವಿಯ ಕಟ್ಟೆಗೆ ಒಂದು ಹಗ್ಗ ಕಟ್ಟಿ, ಕೋಲಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ತಿಂಗಳ ಮೊದಲ ದಿನ ಬೆಳಗ್ಗೆ ಪಂಪು ಹಾಕುವ ಮುಂಚೆ ಇಳಿಸಿ. ಕಟ್ಟೆಯಿಂದ ನೀರಿಗೆ ಎಷ್ಟು ಕೋಲು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಹಳೆಯ ಕ್ಯಾಲೆಂಡರು ಬಿಸಾಡಬೇಡಿ. ಫೆಬ್ರವರಿ ಒಂದರ ಅಳತೆ ಹಿಂದಿನ ವರ್ಷಕ್ಕಿಂತ ಒಂದು ಕೋಲು ಕೆಳಗೆ ಸಿಕ್ಕಿದರೆ ಆ ವಾರವೇ ಪಂಪಿನ ಮಟ್ಟ ಇಳಿಸುವ ಏರ್ಪಾಡು ಮಾಡಿ, ತರಕಾರಿಯ ಸಾಲು ಒಂದು ಕಡಿಮೆ ಹಾಕಿ.